ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗುವುದು ಹೇಗೆ? ಕಾರವಾರ, ಶಿರಸಿ ಕಡೆಯ ಹುಡುಗರಿಗೆ ಪಿಯುಸಿಯಿಂದ ಲಖನೌವರೆಗಿನ ದಾರಿ

ನಮ್ಮ ಜಿಲ್ಲೆಯ ಹುಡುಗರಿಗೆ ಆರ್ಮಿ ಅಂದ ಕೂಡಲೇ ನೆನಪಾಗುವುದು ಬಂದೂಕು. ನೇವಿ ಅಂದರೆ ಹಡಗು. ಗುಂಡು ಬಿದ್ದವನ ಪಕ್ಕ ಮೊದಲು ಓಡಿ ಹೋಗಿ ಕೂರುವ ಒಬ್ಬ ಸೈನಿಕ ಇರುತ್ತಾನೆ, ಅವನಿಗೂ ಬೇರೆಯೇ ಭರ್ತಿ ಇದೆ, ಅದಕ್ಕೆ ಸೈನ್ಸ್ ಓದಿದವರೇ ಬೇಕು ಅನ್ನುವುದು ಬಹಳ ಮಂದಿಗೆ ಗೊತ್ತೇ ಇಲ್ಲ.

ಕಾರವಾರದ ಚೆಂಡಿಯಾದ ರಾಮ ರಾಘೋಬಾ ರಾಣೆ ಅವರ ಕಥೆ ನೀವು ಶಾಲೆಯಲ್ಲೇ ಕೇಳಿರುತ್ತೀರಿ. 1948ರ ಏಪ್ರಿಲ್ 8ರಂದು ನೌಶೇರಾ-ರಜೌರಿ ರಸ್ತೆಯಲ್ಲಿ ನೆಲಬಾಂಬ್ ತೆಗೆಯುವ ಕೆಲಸಕ್ಕೆ ಅವರ ತಂಡ ಕೈ ಹಾಕಿದಾಗ ಶತ್ರುಗಳ ಮಾರ್ಟರ್ ಗುಂಡು ಬಿತ್ತು. ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆಯೂ ಒಬ್ಬರು. ಗಾಯ ಇಟ್ಟುಕೊಂಡೇ ಅವರು ಕೆಲಸ ಮುಂದುವರಿಸಿದರು, ಪರಮವೀರ ಚಕ್ರ ಬಂತು, ಅದೆಲ್ಲ ನಮಗೆ ಗೊತ್ತು. ಆ ಐವರ ಗಾಯ ಕಟ್ಟಿದ ಕೈ ಯಾರದ್ದು ಅಂತ ಮಾತ್ರ ನಾವು ಯಾರೂ ಕೇಳುವುದಿಲ್ಲ. ಈ ಬರಹ ಆ ಕೈ ಆಗಬೇಕು ಅನ್ನುವವರಿಗೆ.

ಮೊದಲೇ ಒಂದು ಮಾತು. ಇದು ಕೌಂಟರ್ ಹಿಂದೆ ಕೂತು ಮಾತ್ರೆ ಕೊಡುವ ಕೆಲಸ ಅಲ್ಲ. ರಕ್ತ, ಕೀವು, ವಾಂತಿ, ಬೆಡ್‌ಪ್ಯಾನ್ ಎಲ್ಲ ಇರುತ್ತದೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಹಾಸಿಗೆ ಹಿಡಿದಾಗ ಆಯಿಯ ಜೊತೆ ನಿಂತು ಮಗ್ಗುಲು ಬದಲಿಸಿದ್ದೀರಾ, ಒದ್ದೆಯಾದ ಹೊದಿಕೆ ತೆಗೆದು ಒಗೆಯಲು ಹಾಕಿದ್ದೀರಾ, ಹುಣ್ಣಾದ ಜಾಗ ಒರೆಸಿದ್ದೀರಾ? ಮಾಡಿದ್ದು ಹೌದಾದರೆ, ಅದು ನಿಮಗೆ ಅಸಹ್ಯ ಅನ್ನಿಸದೆ ಹೋದರೆ, ನಿಮ್ಮಲ್ಲಿ ಈ ಕೆಲಸಕ್ಕೆ ಬೇಕಾದ ಮುಖ್ಯ ಗುಣ ಆಗಲೇ ಇದೆ. ಓಟ, ಪರೀಕ್ಷೆ ಎಲ್ಲ ಕಲಿಯಬಹುದು.

ಯಾವ ಬಾಗಿಲು ನಿಮ್ಮದು

ಮೂರೂ ಪಡೆಗಳಲ್ಲಿ ಈ ಕೆಲಸ ಇದೆ. ಭೂಸೇನೆಯಲ್ಲಿ ಹೆಸರು ಸೋಲ್ಜರ್ ಟೆಕ್ನಿಕಲ್ ನರ್ಸಿಂಗ್ ಅಸಿಸ್ಟೆಂಟ್. ನೇಮಕವಾಗುವುದು ಆರ್ಮಿ ಮೆಡಿಕಲ್ ಕೋರ್‌ಗೆ, ಅಂದರೆ ಎಎಂಸಿಗೆ, ತರಬೇತಿ ಲಖನೌದಲ್ಲಿ. 2022ರಲ್ಲಿ ಅಗ್ನಿಪಥ್ ಬಂದ ಮೇಲೆ ಬಹುತೇಕ ಸಿಪಾಯಿ ಭರ್ತಿ ನಾಲ್ಕು ವರ್ಷದ್ದಾಯಿತು ಅಲ್ವಾ, ಆದರೆ ನರ್ಸಿಂಗ್ ಅಸಿಸ್ಟೆಂಟ್ ರೆಗ್ಯುಲರ್ ಭರ್ತಿಯಾಗಿಯೇ ಉಳಿದಿದೆ. ಮನೆಯಲ್ಲಿ ಅಪ್ಪ "ನಾಲ್ಕು ವರ್ಷ ಆದಮೇಲೆ ಏನು ಮಾಡ್ತೆ?" ಅಂತ ಕೇಳಿದರೆ ಇದನ್ನು ಹೇಳಿ.

ಡಿ.ಫಾರ್ಮ ಅಥವಾ ಬಿ.ಫಾರ್ಮ ಮಾಡಿದವರಿಗೆ ಸಿಪಾಯಿ ಫಾರ್ಮಾ ಅಂತ ಬೇರೆ ಹುದ್ದೆ ಇದೆ. ಅದಕ್ಕೆ ವಯಸ್ಸು 19ರಿಂದ 25, ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಬೇಕು.

ನೌಕಾಪಡೆಯಲ್ಲಿ ಎಸ್‌ಎಸ್‌ಆರ್ (ಸೀನಿಯರ್ ಸೆಕೆಂಡರಿ ರಿಕ್ರೂಟ್) ಮೆಡಿಕಲ್ ಅಸಿಸ್ಟೆಂಟ್. ಮೊದಲ ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ನಮ್ಮ ಕಾರವಾರದಲ್ಲೇ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಪತಂಜಲಿ ಅನ್ನುವ ನೌಕಾ ಆಸ್ಪತ್ರೆ ಇದೆ. ಆದರೆ ಮನೆ ಹತ್ತಿರ ಪೋಸ್ಟಿಂಗ್ ಸಿಗುತ್ತದೆ ಅನ್ನುವ ಆಸೆಯಿಂದ ನೇವಿ ಆರಿಸಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ಹಡಗಿನಲ್ಲಿ ತಿಂಗಳುಗಟ್ಟಲೆ ಇರಬಲ್ಲೆ ಅನ್ನುವುದಾದರೆ ಆರಿಸಿ.

ವಾಯುಪಡೆಯಲ್ಲಿ ಗ್ರೂಪ್ ವೈ ಮೆಡಿಕಲ್ ಅಸಿಸ್ಟೆಂಟ್. ಇದರ ಮೊದಲ ತರಬೇತಿ ಬೆಳಗಾವಿಯ ಸಾಂಬ್ರಾದಲ್ಲಿ.

ಹುಡುಗಿಯರೇ, ಮೇಲಿನ ಹುದ್ದೆಗಳು ಸದ್ಯಕ್ಕೆ ಹುಡುಗರಿಗೆ ಮಾತ್ರ. ನಿಮಗೆ ಇರುವ ದಾರಿ ಮಿಲಿಟರಿ ನರ್ಸಿಂಗ್ ಸರ್ವಿಸ್, ಮತ್ತು ಅದು ಇದಕ್ಕಿಂತ ಮೇಲಿನದು. ನೀಟ್ ಅಂಕದ ಮೇಲೆ ಸೇನೆಯ ಆರು ಕಾಲೇಜುಗಳಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಸಿಗುತ್ತದೆ, ಒಟ್ಟು 220. ಅದರಲ್ಲಿ ಒಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ನಾಲ್ಕು ವರ್ಷ ಓದಿ ಮುಗಿಸಿ ಸೇರುವಾಗ ನೀವು ಲೆಫ್ಟಿನೆಂಟ್, ಅಂದರೆ ಅಧಿಕಾರಿ. ನೀಟ್ ಬರೆಯುವ ಹುಡುಗಿಯರು ಎಂಬಿಬಿಎಸ್ ಸಿಗದಿದ್ದರೆ ಏನು ಅಂತ ಒದ್ದಾಡುವ ಬದಲು ಇದನ್ನು ಮೊದಲೇ ತಲೆಯಲ್ಲಿಟ್ಟುಕೊಳ್ಳಬೇಕು.

ಇಲ್ಲಿಂದ ಮುಂದೆ ನಾನು ಭೂಸೇನೆಯ ದಾರಿಯನ್ನೇ ಹಿಡಿದು ಹೇಳುತ್ತೇನೆ. ನಮ್ಮ ಕಡೆಯಿಂದ ಜಾಸ್ತಿ ಜನ ಕೇಳುವುದು ಅದನ್ನೇ.

ದಾರಿ ತಪ್ಪುವುದು ಪಿಯುಸಿಯಲ್ಲೇ

ಅರ್ಹತೆ ಇಷ್ಟು: ಪಿಯುಸಿ ಸೈನ್ಸ್, ಅದರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮತ್ತು ಇಂಗ್ಲಿಷ್. ಒಟ್ಟು ಕನಿಷ್ಠ 50 ಪರ್ಸೆಂಟ್, ಜೊತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ 40. ವಯಸ್ಸು ಹದಿನೇಳೂವರೆಯಿಂದ 23. ಮದುವೆ ಆಗಿರಬಾರದು.

ಎಡವುವುದು ಎರಡು ಕಡೆ. ಒಂದು, ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸ್ನೇಹಿತರ ಜೊತೆ ಪಿಸಿಎಂಸಿ ಅಥವಾ ಎಲೆಕ್ಟ್ರಾನಿಕ್ಸ್ ಇರುವ ಕಾಂಬಿನೇಷನ್ ತೆಗೆದುಕೊಂಡುಬಿಡುವುದು. ಬಯಾಲಜಿ ಇಲ್ಲ ಅಂದರೆ ಈ ಬಾಗಿಲು ಅಲ್ಲೇ ಮುಚ್ಚಿತು, ಆಮೇಲೆ ಎಷ್ಟು ಓಡಿದರೂ ಪ್ರಯೋಜನವಿಲ್ಲ. ಎರಡನೆಯದು ಇಂಗ್ಲಿಷ್ ಮತ್ತು ಫಿಸಿಕ್ಸ್. ಬಯಾಲಜಿಯಲ್ಲಿ 80 ತೆಗೆದ ಹುಡುಗ ಫಿಸಿಕ್ಸ್‌ನಲ್ಲಿ 37ಕ್ಕೆ ನಿಂತರೆ ಕಾಲೇಜಿನ ಲೆಕ್ಕದಲ್ಲಿ ಪಾಸು, ಸೇನೆಯ ಲೆಕ್ಕದಲ್ಲಿ ಅನರ್ಹ. ಹಾಗಾಗಿದ್ದರೆ ಕೈ ಚೆಲ್ಲಬೇಡಿ. ಈಗ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪಿಯುಸಿ ಪರೀಕ್ಷೆ ಇದೆಯಲ್ಲ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಆ ಒಂದು ವಿಷಯ ಮತ್ತೆ ಬರೆಯಿರಿ. ಪಿಯು ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಖಂಡಿತ ಸೇರಿ, ಸರ್ಟಿಫಿಕೇಟ್‌ಗೆ ಬೋನಸ್ ಅಂಕ ಇದೆ.

ಕಾಗದಪತ್ರ

ಉತ್ತರ ಕನ್ನಡ ಜಿಲ್ಲೆ ಬರುವುದು ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ. ಅರ್ಜಿ ಹಾಕುವುದು ಜಾಯಿನ್ ಇಂಡಿಯನ್ ಆರ್ಮಿ ಜಾಲತಾಣದಲ್ಲಿ, ನೀವೇ, ನಿಮ್ಮದೇ ಮೊಬೈಲ್ ನಂಬರ್ ಮತ್ತು ಇಮೇಲ್ ಕೊಟ್ಟು. ಸೈಬರ್ ಸೆಂಟರ್‌ನವರ ಇಮೇಲ್ ಹಾಕಿಸಿಬಿಟ್ಟರೆ ಪ್ರವೇಶ ಪತ್ರ ಬಂದಿದ್ದೂ ಗೊತ್ತಾಗದೆ ದಿನ ಕಳೆದುಹೋಗುತ್ತದೆ.

ನಮ್ಮ ಕಡೆಯ ದೊಡ್ಡ ತಲೆನೋವು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಗಣಪತಿ ನಾರಾಯಣ ಗೌಡ", ಆಧಾರ್‌ನಲ್ಲಿ "ಗಣಪತಿ ಎನ್", ಪಿಯುಸಿಯಲ್ಲಿ "ಗಣಪತಿ ಗೌಡ". ಊರಲ್ಲಿ ಇದು ಒಬ್ಬನೇ ಅಂತ ಎಲ್ಲರಿಗೂ ಗೊತ್ತು, ರ‍್ಯಾಲಿಯಲ್ಲಿ (ಓಟ, ದಾಖಲೆ, ವೈದ್ಯಕೀಯ ತಪಾಸಣೆ ನಡೆಯುವ ಭರ್ತಿ ಮೇಳದಲ್ಲಿ) ಮೇಜಿನ ಆಚೆ ಕೂತ ಹವಾಲ್ದಾರ್‌ಗೆ ಗೊತ್ತಿಲ್ಲ. ಹುಟ್ಟಿದ ದಿನಾಂಕಕ್ಕೂ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಧಾರ. ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಅಪ್ಪ-ಅಮ್ಮನ ಹೆಸರಿನ ಅಕ್ಷರವನ್ನೂ ನೋಡಿ. ಇದನ್ನು ಭರ್ತಿ ಕರೆಯುವ ಮೊದಲೇ, ಬಿಡುವಿನಲ್ಲಿ ಮಾಡಿ.

ವಾಸಸ್ಥಳ ಮತ್ತು ಜಾತಿ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ನಡತೆ ಪ್ರಮಾಣಪತ್ರ ಮತ್ತು ಅವಿವಾಹಿತ ಪ್ರಮಾಣಪತ್ರ ಆರು ತಿಂಗಳ ಒಳಗಿನದ್ದಿರಬೇಕು. ಅಂಕಪಟ್ಟಿಗಳ ಮೂಲ ಪ್ರತಿ, ಅಟೆಸ್ಟ್ ಮಾಡಿಸಿದ ಜೆರಾಕ್ಸ್, ಇತ್ತೀಚಿನ ಫೋಟೋಗಳು, ಅಧಿಸೂಚನೆಯಲ್ಲಿ ಕೊಟ್ಟ ಮಾದರಿಯಲ್ಲೇ ಅಫಿಡವಿಟ್. ಫೋಟೋವನ್ನು ಸ್ಟುಡಿಯೋದವರು ಕಂಪ್ಯೂಟರ್‌ನಲ್ಲಿ ಬೆಳ್ಳಗೆ ಮಾಡಿಕೊಟ್ಟರೆ ಬೇಡ ಅನ್ನಿ. ಎಲ್ಲವನ್ನೂ ಪ್ಲಾಸ್ಟಿಕ್ ಫೈಲಿನಲ್ಲಿಡಿ, ನಮ್ಮ ಮಳೆ ಗೊತ್ತಲ್ಲ.

ಇನ್ನು, "ಒಳಗೆ ನಮ್ಮ ಜನ ಇದ್ದಾರೆ, ಇಷ್ಟು ಕೊಟ್ಟರೆ ಆಗುತ್ತದೆ" ಅನ್ನುವವರು ಪ್ರತಿ ಭರ್ತಿಯಲ್ಲೂ ಹುಟ್ಟಿಕೊಳ್ಳುತ್ತಾರೆ. ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಅಂಕಪಟ್ಟಿಯನ್ನಂತೂ ಯಾರ ಕೈಗೂ ಕೊಡಬೇಡಿ. ತೋಟ ಅಡ ಇಟ್ಟು, ದೋಣಿ ಮಾರಿ ದುಡ್ಡು ಕೊಟ್ಟ ಮನೆಗಳ ಸಂಕಟ ನೋಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಪರೀಕ್ಷೆ

2023ರಿಂದ ಕ್ರಮ ಬದಲಾಗಿದೆ. ಮೊದಲು ಕಂಪ್ಯೂಟರ್ ಮೇಲೆ ಬರೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ, ಅದರಲ್ಲಿ ಆರಿಸಿ ಬಂದವರಿಗೆ ಮಾತ್ರ ರ‍್ಯಾಲಿ. ಹಾಗಾಗಿ ಓಟದಲ್ಲಿ ಎಷ್ಟೇ ಗಟ್ಟಿಗನಾದರೂ ಪುಸ್ತಕ ಹಿಡಿಯದವನು ಮೈದಾನ ಮುಟ್ಟುವುದೇ ಇಲ್ಲ.

50 ಪ್ರಶ್ನೆ, ಒಂದು ಗಂಟೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಬಯಾಲಜಿ ಮತ್ತು ಕೆಮಿಸ್ಟ್ರಿಗೇ ಹೆಚ್ಚು ತೂಕ, ಜೊತೆಗೆ ಸ್ವಲ್ಪ ಫಿಸಿಕ್ಸ್, ಗಣಿತ, ಸಾಮಾನ್ಯ ಜ್ಞಾನ. ಪಿಯುಸಿಯ ಎನ್‌ಸಿಇಆರ್‌ಟಿ ಪಠ್ಯ ಬಿಟ್ಟು ಬೇರೆ ದಪ್ಪ ಗೈಡ್ ಬೇಕಿಲ್ಲ. ರಕ್ತ ಸಂಚಾರ, ಉಸಿರಾಟ, ಮೂತ್ರಪಿಂಡ, ನರಮಂಡಲ, ರೋಗನಿರೋಧಕ ಶಕ್ತಿ, ವಿಟಮಿನ್‌ಗಳು, ಹಾರ್ಮೋನ್‌ಗಳು, ಇವನ್ನು ಅರ್ಥ ಮಾಡಿಕೊಂಡು ಓದಿ. ಪರೀಕ್ಷೆ ಮುಗಿದ ಮೇಲೂ ಇದೇ ಓದು ಲಖನೌದಲ್ಲಿ ನಿಮ್ಮ ಜೊತೆ ಬರುತ್ತದೆ. ಗಣಿತ ಎಸ್ಸೆಸ್ಸೆಲ್ಸಿ ಮಟ್ಟದ್ದು. ಕಂಪ್ಯೂಟರ್ ಮೌಸ್ ಹಿಡಿದು ಅಭ್ಯಾಸ ಇಲ್ಲದವರು ಒಂದೆರಡು ಮಾದರಿ ಪರೀಕ್ಷೆ ಕಂಪ್ಯೂಟರ್‌ನಲ್ಲೇ ಬರೆದು ನೋಡಿ.

ಓಟ ಮತ್ತು ಪುಲ್ಅಪ್

1.6 ಕಿಲೋಮೀಟರ್ ಓಟ. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. 10 ಪುಲ್ಅಪ್‌ಗೆ 40. ಜೊತೆಗೆ 9 ಅಡಿ ಹಳ್ಳ ಜಿಗಿಯುವುದು, ಅಂಕುಡೊಂಕು ಮರದ ಪಟ್ಟಿ ಮೇಲೆ ನಡೆಯುವುದು, ಇವೆರಡು ಪಾಸಾದರೆ ಸಾಕು. ಸಮಯದ ಮಿತಿ ವರ್ಷದಿಂದ ವರ್ಷಕ್ಕೆ ಸಡಿಲವಾಗಬಹುದು, ಬಿಗಿಯಾಗಬಹುದು. ನೀವು ಐದೂವರೆಯನ್ನೇ ಗುರಿ ಇಟ್ಟುಕೊಳ್ಳಿ, ಆಗ ಯಾವ ವರ್ಷದ ನಿಯಮ ಬಂದರೂ ಹೆದರಬೇಕಿಲ್ಲ.

400 ಮೀಟರಿನ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಅಂದರೆ ಒಂದು ಸುತ್ತಿಗೆ 82 ಸೆಕೆಂಡ್. ಈ ಲೆಕ್ಕ ಕಾಲಿಗೆ ಗೊತ್ತಾಗಬೇಕು. ಹುಡುಗರು ಮೊದಲ ಸುತ್ತನ್ನು ಜೋಶ್‌ನಲ್ಲಿ 70ಕ್ಕೆ ಓಡಿ, ಮೂರನೇ ಸುತ್ತಿನಲ್ಲಿ ಸೊಂಟ ಹಿಡಿದುಕೊಂಡು ನಿಲ್ಲುತ್ತಾರೆ. ಕಾರವಾರದವರು ಟ್ಯಾಗೋರ್ ಬೀಚಿನ ಮರಳಲ್ಲಿ ಓಡುತ್ತಾರೆ, ಒಳ್ಳೆಯದೇ, ಮೀನಖಂಡ ಗಟ್ಟಿಯಾಗುತ್ತದೆ. ಆದರೆ ಸಮಯ ಅಳೆಯುವುದು ಮಾತ್ರ ಮಾಲಾದೇವಿ ಮೈದಾನದಂಥ ಗಟ್ಟಿ ನೆಲದ ಮೇಲೆ. ಶಿರಸಿಯವರಿಗೆ ಮಾರಿಕಾಂಬಾ ಕ್ರೀಡಾಂಗಣ ಇದೆ. ವಾರಕ್ಕೆ ಎರಡು ದಿನ ನಿಧಾನವಾಗಿ ದೂರ ಓಡಿ, ಎರಡು ದಿನ 400 ಮೀಟರ್ ಜೋರಾಗಿ ಓಡಿ ನಡುವೆ ನಡೆದು ಮತ್ತೆ ಓಡಿ, ಒಂದು ದಿನ ಪೂರ್ತಿ ಬಿಡುವು ಕೊಡಿ. ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾದರೆ ನಿಲ್ಲಿಸಿ, ಹಟ ಮಾಡಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೈದಾನ ಕೆಸರು. ಆ ತಿಂಗಳುಗಳನ್ನು ಪುಲ್ಅಪ್‌ಗೆ ಕೊಡಿ. ಒಂದೂ ಆಗದವರು ಸ್ಟೂಲ್ ಹತ್ತಿ ಗಲ್ಲ ಕಂಬಿಯ ಮೇಲೆ ತಂದು, ಅಲ್ಲಿಂದ ಆದಷ್ಟು ನಿಧಾನ ಕೆಳಗಿಳಿಯುವುದನ್ನು ಅಭ್ಯಾಸ ಮಾಡಿ. ಇಳಿಯುವ ಶಕ್ತಿ ಬಂದ ಮೇಲೆ ಏರುವ ಶಕ್ತಿ ತಾನಾಗಿ ಬರುತ್ತದೆ.

ಎತ್ತರ 165 ಸೆಂ.ಮೀ. ಬೇಕು, ಎದೆ 77 ಸೆಂ.ಮೀ., ಉಸಿರು ಎಳೆದಾಗ 5 ಸೆಂ.ಮೀ. ಹಿಗ್ಗಬೇಕು.

ವೈದ್ಯಕೀಯ ತಪಾಸಣೆ

ಇಲ್ಲಿ ಬೀಳುವವರಲ್ಲಿ ಅನೇಕರು ಮೊದಲೇ ಸರಿ ಮಾಡಿಕೊಳ್ಳಬಹುದಾದ ಕಾರಣಕ್ಕೆ ಬೀಳುತ್ತಾರೆ, ಅದೇ ಬೇಜಾರು. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಡಾಕ್ಟರಿಗೆ ಕಿವಿಯ ಪರದೆ ಕಾಣುವುದಿಲ್ಲ. ಹುಳುಕು ಹಲ್ಲು, ಮೂಲವ್ಯಾಧಿ, ಚರ್ಮದ ಹುಳುಕಡ್ಡಿ, ಹೈಡ್ರೊಸೀಲ್, ಇವಕ್ಕೆಲ್ಲ ಚಿಕಿತ್ಸೆ ಇದೆ. ಹುಳುಕಡ್ಡಿ ನಮ್ಮ ಕರಾವಳಿಯ ಬೆವರಿಗೆ ಬಹಳ ಸಾಮಾನ್ಯ. ಅಂಗಡಿಯ ಮುಲಾಮು ಹಚ್ಚಿ ಅರ್ಧಕ್ಕೆ ಬಿಡದೆ ಚರ್ಮದ ಡಾಕ್ಟರರಿಗೆ ತೋರಿಸಿ ಪೂರ್ತಿ ಗುಣ ಮಾಡಿಕೊಳ್ಳಿ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ, ತಾಲೂಕು ಆಸ್ಪತ್ರೆಯಲ್ಲೋ ಕಣ್ಣು, ಕಿವಿ, ಹಲ್ಲು ಒಮ್ಮೆ ತೋರಿಸಿಕೊಂಡು ಬನ್ನಿ.

ಬಣ್ಣಗುರುಡು, ಚಪ್ಪಟೆ ಪಾದ, ಮಂಡಿ ತಾಗುವ ಕಾಲು ಇದ್ದರೆ ಕಷ್ಟ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಓದಿಸುವ ಪರೀಕ್ಷೆಯನ್ನು ಪಿಯುಸಿ ಮೊದಲ ವರ್ಷದಲ್ಲೇ ಕಣ್ಣಿನ ಡಾಕ್ಟರರ ಬಳಿ ಮಾಡಿಸಿಬಿಡಿ, ಸುಮ್ನೆ ಎರಡು ವರ್ಷ ಆಸೆ ಇಟ್ಟುಕೊಂಡು ಕೊನೆಗೆ ನೋಯುವುದು ಬೇಡ. ಹಚ್ಚೆ ಹಾಕಿಸಿಕೊಳ್ಳಬೇಡಿ. ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟು ಬೇರೆಡೆ ಇದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ರ‍್ಯಾಲಿಯಲ್ಲಿ ಅನ್‌ಫಿಟ್ ಅಂದರೂ ಮಿಲಿಟರಿ ಆಸ್ಪತ್ರೆಯಲ್ಲಿ ಮರುತಪಾಸಣೆಗೆ ಅವಕಾಶ ಇದೆ. ಅಲ್ಲೇ ಕೇಳಿ, ಚೀಟಿ ಪಡೆದು, ಕೊಟ್ಟ ದಿನದೊಳಗೆ ಹೋಗಿ.

ಲಖನೌ

ಎಎಂಸಿ ಸೆಂಟರ್ ಮತ್ತು ಕಾಲೇಜು ಇರುವುದು ಲಖನೌದಲ್ಲಿ. ಮೊದಲ ಹಂತ ಎಲ್ಲ ಸೈನಿಕರಿಗೂ ಇರುವಂಥದ್ದೇ: ಪಿಟಿ, ಡ್ರಿಲ್, ರೈಫಲ್ ಬಿಚ್ಚಿ ಜೋಡಿಸುವುದು, ಗುರಿ ಹೊಡೆಯುವುದು, ಭಾರ ಹೊತ್ತು ಓಡುವುದು. "ನಾನು ಮೆಡಿಕಲ್‌ಗೆ ಬಂದವನು, ನನಗೇಕೆ ಬಂದೂಕು?" ಅಂತ ಅಲ್ಲಿ ಯಾರೂ ಕೇಳುವ ಹಾಗಿಲ್ಲ. 1949ರ ಜಿನೀವಾ ಒಪ್ಪಂದಗಳ ಪ್ರಕಾರ ವೈದ್ಯಕೀಯ ಸಿಬ್ಬಂದಿಯ ಮೇಲೆ ದಾಳಿ ಮಾಡಬಾರದು, ಅವರು ತಮ್ಮನ್ನೂ ತಮ್ಮ ಗಾಯಾಳುಗಳನ್ನೂ ಕಾಪಾಡಿಕೊಳ್ಳಲು ಆಯುಧ ಇಟ್ಟುಕೊಳ್ಳಬಹುದು. ಗಾಯಾಳು ಶತ್ರು ಸೈನಿಕನಾದರೂ ಚಿಕಿತ್ಸೆ ಕೊಡಲೇಬೇಕು ಅನ್ನುವುದೂ ಅಲ್ಲೇ ಇದೆ.

ಎರಡು ವಿಷಯಕ್ಕೆ ಊರಲ್ಲೇ ತಯಾರಾಗಿ. ಒಂದು ಹಿಂದಿ. ಎಲ್ಲ ಆಜ್ಞೆ, ಪಾಠ ಹಿಂದಿಯಲ್ಲಿ. ಮನೆಯಲ್ಲಿ ಕೊಂಕಣಿ ಆಡುವ ಕರಾವಳಿ ಹುಡುಗರು ಬೇಗ ಹಿಡಿಯುತ್ತಾರೆ. ಶಿರಸಿ, ಸಿದ್ದಾಪುರ ಕಡೆಯವರು ಸಂಕೋಚಪಟ್ಟು ಬಾಯಿ ಬಿಡುವುದಿಲ್ಲ. ತಪ್ಪಾದರೂ ಮಾತಾಡಿ. ಇನ್ನೊಂದು ಹವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಜನವರಿಯ ಬೆಳಗಿನ ಚಳಿ ಸಮುದ್ರದ ಪಕ್ಕ ಬೆಳೆದವರ ಮೈ ಕಂಡೇ ಇರುವುದಿಲ್ಲ.

ಆಮೇಲೆ ತಾಂತ್ರಿಕ ತರಬೇತಿ. ಶರೀರ ರಚನೆ, ನಾಡಿ-ಉಸಿರು-ರಕ್ತದೊತ್ತಡ ನೋಡುವುದು, ಇಂಜೆಕ್ಷನ್, ಡ್ರಿಪ್, ಡ್ರೆಸ್ಸಿಂಗ್, ಕ್ಯಾಥೆಟರ್, ಸ್ಟ್ರೆಚರ್ ಹೊರುವುದು, ಮಲೇರಿಯಾ ತಡೆ, ಕುಡಿಯುವ ನೀರಿನ ಶುದ್ಧತೆ, ಎತ್ತರದ ಬೆಟ್ಟಗಳಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಕಾಯಿಲೆ, ಹಿಮದಲ್ಲಿ ಬೆರಳು ಕೊಳೆಯುವುದು. ಮೊದಲು ಪಾಠ, ಆಮೇಲೆ ಮಿಲಿಟರಿ ಆಸ್ಪತ್ರೆಯ ವಾರ್ಡಿನಲ್ಲಿ ಕೈಯಾರೆ ಕೆಲಸ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಒಬ್ಬನ ತೊಡೆಯಿಂದ ರಕ್ತ ಚಿಮ್ಮುತ್ತಿದೆ. ಅವನ ಉಸಿರು, ಮುರಿದ ಮೂಳೆ, ಸುಟ್ಟ ಚರ್ಮ ಎಲ್ಲ ಆಮೇಲೆ. ಮೊದಲು ರಕ್ತ ನಿಲ್ಲಬೇಕು, ಯಾಕೆಂದರೆ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಟೂರ್ನಿಕೆಟ್ (ತಿರುಗಿಸಿ ಬಿಗಿಯುವ ಕೋಲು ಇರುವ, ರಕ್ತ ತಡೆಯುವ ಪಟ್ಟಿ) ಕಟ್ಟುವುದು ಗಾಯದ ಮೇಲಲ್ಲ, ಗಾಯಕ್ಕಿಂತ ಐದಾರು ಸೆಂಟಿಮೀಟರ್ ಮೇಲೆ, ಸೊಂಟದ ಕಡೆಗೆ. ಪ್ಯಾಂಟಿನ ಜೇಬಿನಲ್ಲಿ ಏನಾದರೂ ಇದ್ದರೆ ತೆಗೆಯಬೇಕು. ಪಟ್ಟಿಯನ್ನು ಕೈಯಲ್ಲೇ ಬೆರಳು ತೂರದಷ್ಟು ಎಳೆದು ಬಿಗಿದು, ಆಮೇಲೆ ಕೋಲು ತಿರುಗಿಸಬೇಕು. ಪಟ್ಟಿ ಸಡಿಲ ಇದ್ದರೆ ಕೋಲು ಎಷ್ಟು ತಿರುಗಿಸಿದರೂ ರಕ್ತ ನಿಲ್ಲುವುದಿಲ್ಲ. ಗಾಯಾಳು ಚೀರುತ್ತಾನೆ, ಸಾಕು ಬಿಡು ಅಂತ ಬೇಡುತ್ತಾನೆ. ರಕ್ತ ನಿಲ್ಲುವವರೆಗೂ ತಿರುಗಿಸಲೇಬೇಕು. ಕಟ್ಟಿದ ಸಮಯ ಬರೆಯಬೇಕು, ಮುಂದಿನ ಡಾಕ್ಟರಿಗೆ ಅದು ಬೇಕು. ಗಾಯ ತೊಡೆಸಂದಿಯಲ್ಲಿದ್ದರೆ ಟೂರ್ನಿಕೆಟ್ ಕೂರುವುದಿಲ್ಲ. ಆಗ ಗಾಜ್ ಬಟ್ಟೆಯನ್ನು ಬೆರಳಿನಿಂದ ಗಾಯದ ಆಳಕ್ಕೆ, ಚೀಲದ ಮೂಲೆಗೆ ಅಡಿಕೆ ಒತ್ತಿ ತುಂಬುವ ಹಾಗೆ, ಜಾಗ ಬಿಡದೆ ತುಂಬಿ, ಮೈಭಾರ ಹಾಕಿ ಒತ್ತಿ ಹಿಡಿಯಬೇಕು. ನಡುನಡುವೆ ಕೈ ಎತ್ತಿ ನೋಡಬಾರದು. ಇದನ್ನು ಕತ್ತಲಲ್ಲಿ, ಬರೀ ಕೈಯ ಅಂದಾಜಿನಲ್ಲಿ ಮಾಡುವಷ್ಟು ಅಭ್ಯಾಸ ಆಗಬೇಕು.

ರಕ್ತ ನಿಂತ ಮೇಲೆ ಉಸಿರಿನ ದಾರಿ, ಎದೆಯ ಗಾಯ, ಆಮೇಲೆ ಮೈ ಬೆಚ್ಚಗಿಡುವುದು. ರಕ್ತ ಹೋದವನಿಗೆ ಬಿಸಿಲಿದ್ದರೂ ಚಳಿ ಹತ್ತುತ್ತದೆ, ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೊಸಬರು ಮರೆಯುವುದು ಇದನ್ನೇ, ಒಂದು ಕಂಬಳಿ ಹೊದೆಸುವುದನ್ನು.

ತರಬೇತಿಯ ನಂತರ

ಕೆಲವರು ದೊಡ್ಡ ಮಿಲಿಟರಿ ಆಸ್ಪತ್ರೆಗೆ ಹೋಗುತ್ತಾರೆ: ಶಿಫ್ಟ್, ರಾತ್ರಿ ಡ್ಯೂಟಿ, ಐಸಿಯು, ಆಪರೇಷನ್ ಥಿಯೇಟರ್. ಕೆಲವರು ಗಡಿಯ ಪಲ್ಟನ್‌ಗೆ ಹೋಗುತ್ತಾರೆ. ಅಲ್ಲಿ ಪಲ್ಟನ್ನಿನ ಡಾಕ್ಟರ್ ಒಬ್ಬರೇ, ಅವರ ಪ್ರಥಮ ಚಿಕಿತ್ಸಾ ಠಾಣೆಯಲ್ಲಿ ನೀವು. ದೂರದ ಪೋಸ್ಟ್‌ನಲ್ಲಿ ಡಾಕ್ಟರ್ ವೈರ್‌ಲೆಸ್‌ನ ಆ ಕಡೆ, ರೋಗಿಯ ಪಕ್ಕ ನೀವೊಬ್ಬರೇ. ಅಲ್ಲಿ ಗುಂಡಿನ ಗಾಯಕ್ಕಿಂತ ಜಾಸ್ತಿ ಬರುವುದು ಜ್ವರ, ಭೇದಿ, ಕಾಲಿನ ಬೊಕ್ಕೆ, ತಲೆನೋವು. ಆ ತಲೆನೋವು ಸಾಧಾರಣದ್ದೋ, ಎತ್ತರದ ಜಾಗದ ಕಾಯಿಲೆಯ ಶುರುವೋ ಅಂತ ಗುರುತಿಸಿ ಬೇಗ ಕೆಳಗಿಳಿಸುವುದು ನಿಮ್ಮ ಕೆಲಸ. ಮನೆಯಿಂದ ಕೆಟ್ಟ ಸುದ್ದಿ ಬಂದು ಊಟ ಬಿಟ್ಟ ಜವಾನನನ್ನು ಮೊದಲು ಗಮನಿಸುವವನೂ ಅನೇಕ ಸಲ ನರ್ಸಿಂಗ್ ಅಸಿಸ್ಟೆಂಟೇ.

ಮೂಲ ವೇತನ 21,700ರಿಂದ ಶುರು, ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ 5,200, ತುಟ್ಟಿಭತ್ಯೆ, ಜಾಗಕ್ಕೆ ತಕ್ಕ ಭತ್ಯೆ. ಪಿಂಚಣಿಗೆ 15 ವರ್ಷದ ಸೇವೆ ಬೇಕು. ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್ ಅಂತ ಮೇಲೇರಬಹುದು. ಓದು ಮುಂದುವರಿಸಿದವರಿಗೆ ಒಳಗಿನಿಂದಲೇ ಅಧಿಕಾರಿಯಾಗುವ ದಾರಿಗಳೂ ಇವೆ.

ಭರ್ತಿಯ ಅಧಿಸೂಚನೆ ಬರುವವರೆಗೆ ಸುಮ್ಮನೆ ಕಾಯಬೇಡಿ. ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನವರ ಪ್ರಥಮ ಚಿಕಿತ್ಸೆ ತರಬೇತಿ ನಡೆದರೆ ಸೇರಿ. 18 ತುಂಬಿದ ಮೇಲೆ ಒಮ್ಮೆ ರಕ್ತದಾನ ಮಾಡಿ, ಸೂಜಿಯ ಹೆದರಿಕೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಆದರೆ ರ‍್ಯಾಲಿಗೆ ಸ್ವಲ್ಪ ದಿನ ಇರುವಾಗ ಮಾತ್ರ ಬೇಡ, ಓಟಕ್ಕೆ ತೊಂದರೆ. ಮನೆಯವರ ನಾಡಿ ಹಿಡಿದು ಎಣಿಸಲು ಕಲಿಯಿರಿ: ಹೆಬ್ಬೆರಳು ಬಿಟ್ಟು ಎರಡು ಬೆರಳು ಮಣಿಕಟ್ಟಿನ ಮೇಲೆ, ಹೆಬ್ಬೆರಳ ಬುಡದ ಕಡೆಗೆ, ಪೂರ್ತಿ ಒಂದು ನಿಮಿಷ. ಕೂತಾಗ ಎಷ್ಟು, ಮೆಟ್ಟಿಲು ಹತ್ತಿ ಬಂದಾಗ ಎಷ್ಟು, ಜ್ವರ ಬಂದಾಗ ಎಷ್ಟು ಅಂತ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆದಿಡಿ.